ಹದ ನೋಡುವ ಅಗುಳು

ಕನ್ನಡ ಉಪನ್ಯಾಸಕನಾದವನಿಗೆ ಮನೆಯವರು ಒಪ್ಪಿಸುವ ಕೆಲಸಗಳು ಮೂರು ಬಗೆ. ಮದುವೆಯ ಕರೆಯೋಲೆಯಲ್ಲಿ ಕಾಗುಣಿತ ತಿದ್ದುವುದು ಒಂದು. ತೀರಿಹೋದವರ ಪುಣ್ಯತಿಥಿಗೆ ಪತ್ರಿಕೆಯಲ್ಲಿ ಹಾಕಿಸಲು ನಾಲ್ಕು ಸಾಲು ಬರೆದುಕೊಡುವುದು ಎರಡು. 'ನೀನು ಮಾತಿನಲ್ಲಿ ಜಾಣ' ಎಂಬ ಸರ್ಟಿಫಿಕೇಟಿನೊಡನೆ ಯಾರಿಗಾದರೂ ಬುದ್ಧಿ ಹೇಳಲು ಹೊರಡುವುದು ಮೂರು. ಮೊದಲಿನ ಎರಡರಲ್ಲಿ ನಾನು ಇದುವರೆಗೆ ಕೆಟ್ಟ ಹೆಸರು ಪಡೆದಿಲ್ಲ. ಮೂರನೆಯದರಲ್ಲಿ ಗೆದ್ದದ್ದೂ ಇಲ್ಲ. ಆದರೂ ಹೋದ ತಿಂಗಳು ನನ್ನ ಅಕ್ಕ ಈ ಮೂರನೆಯ ಕೆಲಸವನ್ನೇ ನನಗೆ ಹಚ್ಚಿದಳು.

ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಭಾವನವರು ತೀರಿಕೊಂಡಾಗ ಅವಳ ಮಗಳಿಗೆ ಹತ್ತು ವರ್ಷ. ಭಾವನವರ ಕಚೇರಿಯಲ್ಲೇ ಗುಮಾಸ್ತೆಯ ಕೆಲಸ ಹಿಡಿದು, ಒಂದು ದಿನವೂ ತಡವಾಗಿ ಹೋಗದೆ, ಒಂದು ಕಾಸೂ ಸಾಲ ಮಾಡದೆ, ಮಗಳನ್ನು ಓದಿಸಿದಳು. ಈಗ ನಿವೃತ್ತಳಾಗಿ ಮೈಸೂರಿನ ಅದೇ ಹಳೆಯ ಮನೆಯಲ್ಲಿದ್ದಾಳೆ. ಮಗಳು, ಅಂದರೆ ಮನೆಯಲ್ಲಿ ನಾವೆಲ್ಲ ಕರೆಯುವಂತೆ ಪುಟ್ಟಿ, ಬೆಂಗಳೂರಿನಲ್ಲಿ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ನಡೆಸುತ್ತಿದ್ದಾಳೆ. ಐದು ವರ್ಷವಾಯಿತು. ಸಂಶೋಧನ ವೇತನದ ಅವಧಿ ಮುಗಿದಿದೆ, ಪ್ರಬಂಧ ಮುಗಿದಿಲ್ಲ.

"ನೋಡೋ, ಆರು ತಿಂಗಳಿಂದ ಅವಳ ರೂಮಿನ ಬಾಡಿಗೆಗೆ ನಾನೇ ಕಳುಹಿಸುತ್ತಿದ್ದೇನೆ," ಎಂದಳು ಅಕ್ಕ. "ಅದಕ್ಕೆ ಬೇಸರವಿಲ್ಲ. ಆದರೆ ಏನು ಮಾಡುತ್ತಿದ್ದೀಯೇ ಎಂದು ಕೇಳಿದರೆ ಒಂದು ಮಾತಿನಲ್ಲಿ ಹೇಳಲು ಬರುವುದಿಲ್ಲ ಅವಳಿಗೆ. ಐದು ವರ್ಷ ಸುಮ್ಮನೆ ಕೂತಳೋ ಏನೋ! ಈ ಬ್ಯಾಂಕಿನ ಪರೀಕ್ಷೆಗಾದರೂ ಕಟ್ಟು ಎಂದು ಹೇಳು. ನಿನ್ನ ಮಾತಾದರೆ ಕೇಳಿಯಾಳು." ಹೀಗೆಂದು ಪತ್ರಿಕೆಯಿಂದ ಅಂಚು ಹರಿಯದಂತೆ ಕತ್ತರಿಸಿಟ್ಟಿದ್ದ ಒಂದು ಜಾಹೀರಾತನ್ನು ತೋರಿಸಿ, ಕೊನೆಯ ದಿನಾಂಕದ ಕೆಳಗೆ ಉಗುರಿನಿಂದ ಗೆರೆ ಎಳೆದಳು. ಅದನ್ನು ನನ್ನ ಕೈಗೆ ಕೊಡಲಿಲ್ಲ. ನಾನು ಕಳೆದುಬಿಡುತ್ತೇನೆಂಬ ಭಯ. ಮತ್ತೆ ಸಾಸಿವೆ ಡಬ್ಬಿಯ ಕೆಳಗೆ ಸೇರಿಸಿದಳು.

ಮುಂದಿನ ಶನಿವಾರ ಬೆಳಗಿನ ರೈಲಿಗೆ ಹೊರಟೆ. ದಾರಿಯುದ್ದಕ್ಕೂ ಬುದ್ಧಿವಾದದ ಪೀಠಿಕೆ, ನಿರೂಪಣೆ, ಉಪಸಂಹಾರಗಳನ್ನು ಸಿದ್ಧಮಾಡಿಕೊಂಡೆ. ಮದ್ದೂರು ದಾಟುವ ಹೊತ್ತಿಗೆ ನನ್ನ ವಾದ ನನಗೇ ಒಪ್ಪಿಗೆಯಾಗುವಷ್ಟು ಹದಕ್ಕೆ ಬಂದಿತ್ತು.

ಪುಟ್ಟಿ ನನ್ನನ್ನು ನೇರ ಪ್ರಯೋಗಾಲಯಕ್ಕೇ ಕರೆದುಕೊಂಡು ಹೋದಳು. ಶನಿವಾರವಾದ್ದರಿಂದ ಜನ ಕಡಿಮೆ. "ಮಾಮ, ಇನ್ನು ಇಪ್ಪತ್ತು ನಿಮಿಷ ಮಾತಾಡಿಸಬೇಡಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ," ಎಂದು ಒಂದು ಸ್ಟೂಲು ತೋರಿಸಿದಳು. ನಾನು ಬಂದ ಕಾರಣ ಅವಳಿಗೆ ಗೊತ್ತಾಗಿತ್ತೆಂದು ಆಗಲೇ ತಿಳಿಯಿತು.

ಅವಳ ಮುಂದೆ ಅಳಗುಳಿಮಣೆಯನ್ನು ಹೋಲುವ ಒಂದು ಪ್ಲಾಸ್ಟಿಕ್ ತಟ್ಟೆ. ನಮ್ಮ ಅಳಗುಳಿಮಣೆಗೆ ಹದಿನಾಲ್ಕು ಗುಳಿಯಾದರೆ ಇದಕ್ಕೆ 96. ಒಂದೊಂದು ಗುಳಿಗೂ ತೊಟ್ಟು ತೊಟ್ಟಾಗಿ ಏನೇನನ್ನೋ ಬಿಟ್ಟು, ಕೊನೆಗೆ ಹಳದಿಯ ಒಂದು ದ್ರವವನ್ನು ಹಾಕಿದಳು. ಕೆಲವು ನಿಮಿಷಗಳಲ್ಲಿ ಮೊದಲ ಸಾಲು ಹೆಚ್ಚುಕಡಿಮೆ ಹಳದಿಯಾಗಿಯೇ ಉಳಿಯಿತು, ಎರಡನೆಯ ಸಾಲು ಎಳೆಯ ಬಾಳೆಲೆಯ ಬಣ್ಣಕ್ಕೆ ತಿರುಗಿತು, ಮೂರನೆಯದು ಕಡುಹಸುರಾಯಿತು. ಪುಟ್ಟಿಯ ಮುಖದಲ್ಲಿ ಬಹಳ ದಿನಗಳ ಮೇಲೆ ನಾನು ಕಂಡ ನಗು ಅದು.

"ಮೂರರಲ್ಲೂ ಇರುವುದು ಒಂದೇ ಮೋಟಾರು, ಮಾಮ. ಮೊದಲ ಸಾಲಿನಲ್ಲಿ ಅದು ಒಂಟಿಯಾಗಿದೆ. ಎರಡನೆಯದರಲ್ಲಿ ಅದಕ್ಕೆ ಬಾಗಿಲು ಕೊಟ್ಟಿದ್ದೇನೆ. ಮೂರನೆಯದರಲ್ಲಿ ಬಾಗಿಲೂ ಇದೆ, ಹೊರಗೆ ಕಳಿಸಬೇಕಾದ ಸರಕೂ ಇದೆ. ಹಸುರು ಎಷ್ಟೋ ಅಷ್ಟು ಇಂಧನ ಉರಿದಿದೆ ಎಂದು ಲೆಕ್ಕ."

ಬುದ್ಧಿವಾದದ ಪೀಠಿಕೆಯನ್ನು ನಾನು ತೆಗೆಯಬೇಕಾದ ಗಳಿಗೆ ಅದು. ಆದರೆ ನನ್ನ ಬಾಯಿಂದ ಬಂದದ್ದು, "ಅಂದರೆ ಕೆಲಸ ಇಲ್ಲದಾಗ ಅದು ಸುಮ್ಮನೆ ಕೂತಿರುತ್ತದೆಯೇ?" ಎಂಬ ಪ್ರಶ್ನೆ. ಅಲ್ಲಿಗೆ ನನ್ನ ಸೋಲು ಆರಂಭವಾಯಿತು.

ಆ ಮಧ್ಯಾಹ್ನ ಅವಳು ಹೇಳಿದ್ದನ್ನು ನನಗೆ ದಕ್ಕಿದಷ್ಟು ಇಲ್ಲಿ ಹೇಳುತ್ತೇನೆ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಉದ್ದ ಒಂದು ಮಿಲಿಮೀಟರನ್ನು ಐನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಊಟ ಚೆನ್ನಾಗಿ ಸಿಕ್ಕಿದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಇಷ್ಟು ಪುಟ್ಟ ಮನೆಯೊಳಗೆ ತಯಾರಾಗುವ ಪ್ರೋಟೀನುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಒಳಗೆ ಉಳಿಯುವಂಥವಲ್ಲ. ಮನೆಯ ಗೋಡೆಯಲ್ಲಿ ಸೇರಬೇಕು, ಇಲ್ಲವೇ ಗೋಡೆ ದಾಟಿ ಹೊರಗೆ ಹೋಗಬೇಕು. ಆಹಾರವನ್ನು ಒಳಗೆ ಬಿಡುವ ದ್ವಾರಗಳು ಹೀಗೆ ಹೊರಗೆ ಹೋಗಿ ನಿಲ್ಲುತ್ತವೆ. ಪೆನಿಸಿಲಿನ್ನನ್ನು ಮುರಿದುಹಾಕುವ ಕಿಣ್ವವೂ ಇದೇ ದಾರಿಯಲ್ಲಿ ಹೋಗಿ ಒಳಪೊರೆಯ ಹೊರಗೆ ಕಾವಲು ಕಾಯುತ್ತದೆ. ವೈದ್ಯರ ಚೀಟಿಗಳು ಕೆಲವೊಮ್ಮೆ ಫಲ ಕೊಡದಿರುವುದಕ್ಕೆ ಇದೂ ಒಂದು ಕಾರಣ.

ಯಾವುದು ಹೋಗಬೇಕು, ಯಾವುದು ಇರಬೇಕು ಎಂದು ಗೊತ್ತಾಗುವುದು ಹೇಗೆ? ಹೊರಡಬೇಕಾದ ಪ್ರೋಟೀನಿನ ತಲೆಯಲ್ಲೇ ವಿಳಾಸ ಇರುತ್ತದೆ. ಅಮೈನೋ ಆಮ್ಲಗಳೆಂಬ ಮಣಿಗಳ ಸರ ಈ ಪ್ರೋಟೀನು ಎಂದುಕೊಂಡರೆ, ಮೊದಲ ಹದಿನೈದರಿಂದ ಮೂವತ್ತು ಮಣಿಗಳೇ ಆ ವಿಳಾಸ. ಗಡಿ ದಾಟಿದ ಮೇಲೆ ಅದನ್ನು ಕತ್ತರಿಸಿ ತೆಗೆಯುತ್ತಾರೆ. 'ತೆಗೆಯುತ್ತಾರೆ' ಎಂದದ್ದು ನನ್ನ ಭಾಷೆಯ ದೋಷ. ಅಲ್ಲಿ 'ಅವರು' ಯಾರೂ ಇಲ್ಲ, ಇನ್ನೊಂದು ಕಿಣ್ವವಷ್ಟೆ. ಪ್ರೋಟೀನು ತನ್ನ ವಿಳಾಸವನ್ನು ತಾನೇ ಹೊತ್ತಿರುತ್ತದೆ ಎಂಬ ಈ ತತ್ತ್ವವನ್ನು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿದ್ದ ಗುಂಟರ್ ಬ್ಲೋಬೆಲ್ 1970ರ ದಶಕದಲ್ಲಿ ಮಂಡಿಸಿದರು. ಅವರು ನೋಡಿದ್ದು ಬ್ಯಾಕ್ಟೀರಿಯಾಗಳಲ್ಲಲ್ಲ, ಪ್ರಾಣಿಗಳ ಜೀವಕೋಶಗಳಲ್ಲಿ. ತತ್ತ್ವ ಮಾತ್ರ ಎರಡಕ್ಕೂ ಒಂದೇ. 1999ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. 1945ರಲ್ಲಿ ಯುದ್ಧದಿಂದ ಓಡಿಬರುತ್ತಿದ್ದ ನಿರಾಶ್ರಿತರ ಗುಂಪಿನಲ್ಲಿದ್ದ ಹುಡುಗ, ಡ್ರೆಸ್‌ಡೆನ್ ನಗರವನ್ನು ಅದರ ವೈಭವದಲ್ಲಿ ಕಂಡು, ಕೆಲವೇ ದಿನಗಳಲ್ಲಿ ಅದು ಉರಿಯುವ ಬೆಳಕನ್ನು ದೂರದ ಆಕಾಶದಲ್ಲಿ ಕಂಡವರು ಅವರು. ಪಾರಿತೋಷಕದ ಹಣದ ಬಹುಭಾಗವನ್ನು ಆ ಊರಿನ ಇಗರ್ಜಿಯನ್ನೂ ಯೆಹೂದ್ಯರ ಪ್ರಾರ್ಥನಾಮಂದಿರವನ್ನೂ ಮತ್ತೆ ಕಟ್ಟಲು ಕೊಟ್ಟುಬಿಟ್ಟರಂತೆ. ಊರು ಬಿಟ್ಟು ಓಡಿದ ಹುಡುಗನಿಗೆ ವಿಳಾಸದ ವಿಚಾರವೇ ಹೊಳೆಯಿತಲ್ಲಾ ಎಂದು ನಾನು ಉದ್ಗಾರ ತೆಗೆದೆ. "ಮಾಮ, ಇದು ನಿಮ್ಮ ಕ್ಲಾಸಲ್ಲ," ಎಂದಳು ಪುಟ್ಟಿ.

ವಿಳಾಸ ಇದ್ದರೆ ಸಾಲದು, ಬಾಗಿಲು ಬೇಕು. ಸೆಕ್-ವೈ ಎಂಬ ಪ್ರೋಟೀನೂ ಅದರ ಇಬ್ಬರು ಜೊತೆಗಾರರೂ ಸೇರಿದರೆ ಬ್ಯಾಕ್ಟೀರಿಯಾದ ಪೊರೆಯಲ್ಲಿ ಒಂದು ಬಾಗಿಲು. ಅಮೆರಿಕದ ಹಾರ್ವರ್ಡಿನಲ್ಲಿ ರಾಪೊಪೋರ್ಟ್ ಎಂಬವರ ತಂಡ 2004ರಲ್ಲಿ ಅದರ ರೂಪವನ್ನು ಬಿಡಿಸಿ ತೋರಿಸಿತು: ಡಮರುಗದಂತೆ ಮೇಲೆ ಕೆಳಗೆ ಅಗಲ, ನಡು ಸಣ್ಣ; ಆ ನಡುವಿಗೆ ಒಂದು ಬಿರಡೆ. ಸರಕು ದಾಟದೆ ಇರುವಾಗ ಒಳಗಿನ ಲವಣಗಳು ಸೋರಿಹೋಗಬಾರದಲ್ಲ! ಮಡಿಕೆಗಳಾಗಿ ಸುತ್ತಿಕೊಂಡ ಪ್ರೋಟೀನು ಇಷ್ಟು ಸಣ್ಣ ಕಂಡಿಯಲ್ಲಿ ತೂರಲಾರದು; ನೂಲಿನ ಎಳೆಯಂತೆ ಬಿಚ್ಚಿಕೊಂಡೇ ಹೋಗಬೇಕು. ಹಾಗೆ ಎಳೆಯನ್ನು ಕಂಡಿಯಲ್ಲಿ ದಾಟಿಸುವ ಮೋಟಾರೇ ಸೆಕ್-ಎ. 901 ಮಣಿಗಳ ದೊಡ್ಡ ಪ್ರೋಟೀನು. 1981ರಲ್ಲಿ ಆಲಿವರ್ ಮತ್ತು ಬೆಕ್‌ವಿತ್ ಎಂಬವರು ಇದರ ಜೀನನ್ನು ಗುರುತಿಸಿದರು. ಇದು ಕೆಟ್ಟರೆ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಮನುಷ್ಯರಲ್ಲಿ ಇದಕ್ಕೆ ಹತ್ತಿರದ ನಂಟಿಲ್ಲ. ಆದ್ದರಿಂದ ಇದನ್ನು ತಡೆಯುವ ಮದ್ದು ಸಿಕ್ಕಿದರೆ ರೋಗಾಣು ಸತ್ತು ರೋಗಿ ಉಳಿದಾನು ಎಂಬ ಆಸೆ ವಿಜ್ಞಾನಿಗಳಿಗೆ. ಗಿಡಗಳ ಹಸುರು ಕಣಗಳಲ್ಲಿ ಮಾತ್ರ ಇದರ ದಾಯಾದಿ ಇದೆಯಂತೆ.

ಈ ಮೋಟಾರಿಗೆ ಇಂಧನ ಎ.ಟಿ.ಪಿ. ಎಂಬ ಅಣು. ಜೀವಲೋಕದಲ್ಲಿ ಎಲ್ಲ ಕೆಲಸಕ್ಕೂ ನಡೆಯುವ ನಾಣ್ಯ ಅದು. ಬ್ಯಾಕ್ಟೀರಿಯಾದ ಒಳಗೆ ಬೇಕಾದಷ್ಟಿದೆ. ಮೋಟಾರು ಅದರ ನಡುವೆಯೇ ತೇಲುತ್ತಿದೆ. ಮನಸ್ಸು ಬಂದಂತೆ ಉರಿಸಿದರೆ ಮನೆ ದಿವಾಳಿ. ಆದ್ದರಿಂದ ಅದಕ್ಕೆ ಅಂಕುಶಗಳಿವೆ. ಒಂದು ಅಂಕುಶ ಅದರ ಮೈಯಲ್ಲೇ ಇದೆ. ಮೋಟಾರಿನ ಒಂದು ಭಾಗ ಇನ್ನೊಂದನ್ನು ತಡೆಹಿಡಿಯುತ್ತದೆ. ಉರಿದ ಇಂಧನದ ಬೂದಿಯನ್ನು, ಅಂದರೆ ಎ.ಡಿ.ಪಿ.ಯನ್ನು, ಬಿಗಿಯಾಗಿ ಹಿಡಿದುಕೊಂಡು ಒಲೆಯನ್ನು ತೆರವು ಮಾಡುವುದೇ ಇಲ್ಲ. ಬೂದಿ ತೆಗೆಯದೆ ಹೊಸ ಸೌದೆ ಎಲ್ಲಿ ಇಡುವುದು? ಪೊರೆಗೆ ತಗುಲಿ, ಅಲ್ಲಿನ ಒಂದು ಜಾತಿಯ ಕೊಬ್ಬಿನ ಅಣುಗಳನ್ನು ಮುಟ್ಟಿ, ಬಾಗಿಲನ್ನು ಹಿಡಿದಾಗ ಈ ಬಿಗಿ ಸ್ವಲ್ಪ ಸಡಿಲುತ್ತದೆ. ವಿಳಾಸ ಹೊತ್ತ ಸರಕು ಬಂದು ಕೂತಾಗ ಪೂರಾ ಸಡಿಲುತ್ತದೆ. ಬರೀ ವಿಳಾಸವಿದ್ದರೆ ಸಾಲದು, ಅದರ ಹಿಂದೆ ನಿಜವಾದ ಸರಕೂ ಇರಬೇಕು. ಈ ನಾಲ್ಕೂ, ಎಂದರೆ ಪೊರೆಯ ಕೊಬ್ಬು, ಬಾಗಿಲು, ವಿಳಾಸ, ಸರಕು, ಮೋಟಾರಿನ ಇಂಧನವನ್ನು ಆಳುತ್ತವೆಂದು ವಿಕ್ನರ್ ಎಂಬ ವಿದ್ವಾಂಸರ ಬಳಗ 1990ರಲ್ಲಿ ತೋರಿಸಿಕೊಟ್ಟಿತು. ಪುಟ್ಟಿಯ ತಟ್ಟೆಯಲ್ಲಿ ನಾನು ಕಂಡ ಮೂರು ಸಾಲು ಬಣ್ಣಗಳು ಆ ಮಾತನ್ನೇ ಹೇಳುತ್ತಿದ್ದುವು. ತನ್ನ ಮೋಟಾರಿನಲ್ಲಿ ಒಂದೇ ಒಂದು ಮಣಿಯನ್ನು ಬದಲಿಸಿ, ಅಂಕುಶ ಎಲ್ಲಿ ಕಳಚುತ್ತದೆಂದು ನೋಡುವುದು ಅವಳ ಸಂಶೋಧನೆ.

"ಹಾಗಾದರೆ ಮೋಟಾರು ಸರಕನ್ನು ದಬ್ಬುತ್ತದೆಯೋ, ಹಿಂದಕ್ಕೆ ಜಾರದಂತೆ ತಡೆಯುತ್ತದೆಯೋ?" ಎಂದು ಕೇಳಿದೆ. ಅದರ ಬಗ್ಗೆ ಎರಡು ಪಕ್ಷಗಳುಂಟಂತೆ. ಬೆರಳಿನಂಥ ಒಂದು ಭಾಗದಿಂದ ದಬ್ಬುತ್ತದೆ ಎಂಬವರು ಕೆಲವರು. ಸರಕು ತಾನೇ ಅತ್ತಿತ್ತ ನಡುಗುತ್ತಿರುತ್ತದೆ, ಮೋಟಾರು ಹಿಂದೆ ಬರದಂತೆ ಮಾತ್ರ ನೋಡಿಕೊಳ್ಳುತ್ತದೆ ಎಂಬವರು ಕೆಲವರು. ಇದನ್ನು ಕೇಳಿ ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. 'ಕವಿರಾಜಮಾರ್ಗ'ವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ನಾವು ಜಗಳವಾಡುತ್ತ ಬಂದಿಲ್ಲವೇ!

ಸಂಜೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗ ಪುಟ್ಟಿ ತಾನಾಗಿಯೇ ವಿಷಯ ಎತ್ತಿದಳು. "ಮಾಮ, ಅಮ್ಮನ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಇನ್ನು ಐದಾರು ತಿಂಗಳು ಬೇಕು. ಆದರೆ ಆ ಐದಾರು ತಿಂಗಳನ್ನು ಕೇಳುವುದಕ್ಕೆ ನನ್ನಲ್ಲಿ ಮಾತಿಲ್ಲ. ನನ್ನ ಕೆಲಸದ ಮಾತೆಲ್ಲ ಇಂಗ್ಲಿಷಿನಲ್ಲೇ ಕಲಿತದ್ದು. ಅಮ್ಮನ ಹತ್ತಿರ ಮಾತಾಡುವ ಕನ್ನಡಕ್ಕೂ ಅದಕ್ಕೂ ನಡುವೆ ಬಾಗಿಲೇ ಇಲ್ಲ. ನೀವು ಹೇಳಿಕೊಡಿ." ಇಪ್ಪತ್ತೆರಡು ವರ್ಷ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆದವನಿಗೆ ಆ ಮಾತು ನಾಟಿತು. ನಮ್ಮ ಭಾಷೆಯಲ್ಲಿ ಏನನ್ನು ಬೇಕಾದರೂ ಹೇಳಬಹುದೆಂದು ಪ್ರತಿ ನವೆಂಬರಿನಲ್ಲೂ ವೇದಿಕೆಯ ಮೇಲೆ ನಿಂತು ಹೇಳುವವನು ನಾನು. ನನ್ನ ಮನೆಯಲ್ಲೇ ಒಬ್ಬ ಹುಡುಗಿ ತನ್ನ ಐದು ವರ್ಷವನ್ನು ತಾಯಿಗೆ ಹೇಳಲಾರದೆ ಕುಳಿತಿದ್ದಾಳೆ.

ಭಾನುವಾರ ಬೆಳಗ್ಗೆ ಇಬ್ಬರೂ ಮೈಸೂರಿನ ರೈಲು ಹತ್ತಿದೆವು. ನಾವು ಮನೆ ತಲುಪಿದಾಗ ಅಕ್ಕ ಅಡುಗೆಮನೆಯಲ್ಲಿದ್ದಳು. ಅವಳ ಮನೆಗೆ ಕುಕ್ಕರು ಬಂದು ಮೂವತ್ತು ವರ್ಷವಾದರೂ ಅನ್ನವನ್ನು ಮಾತ್ರ ಇಂದಿಗೂ ಪಾತ್ರೆಯಲ್ಲೇ ಬೇಯಿಸಿ ಬಸಿಯುತ್ತಾಳೆ. ನಾನು ಮಣೆ ಹಾಕಿಕೊಂಡು ಕೂತು, ಮೋಟಾರು, ಬಾಗಿಲು, ವಿಳಾಸಗಳ ಕಥೆ ಆರಂಭಿಸಿದೆ. ನನ್ನ ವಾಕ್ಯಗಳು ಉದ್ದವಾದಲ್ಲೆಲ್ಲ ಪುಟ್ಟಿ ಕತ್ತರಿಸಿದಳು. ಅವಳ ಇಂಗ್ಲಿಷು ನುಗ್ಗಿದಲ್ಲೆಲ್ಲ ನಾನು ತಡೆದೆ. ಅಕ್ಕ ಹುರುಳಿಕಾಯಿ ಹೆಚ್ಚುತ್ತ ಕೇಳುತ್ತಿದ್ದಳು. ಕೇಳುತ್ತಿದ್ದಳೋ ಇಲ್ಲವೋ ನನಗೆ ಸಂದೇಹವೇ.

ಕೊನೆಗೆ ಪುಟ್ಟಿ ತನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗಕ್ಕೆ ಬಂದಳು. ಮೋಟಾರುಗಳು ಎಷ್ಟಿರಬೇಕು ಎಂಬುದಕ್ಕೂ ಬ್ಯಾಕ್ಟೀರಿಯಾದಲ್ಲಿ ಒಂದು ಲೆಕ್ಕವಿದೆ. ಸೆಕ್-ಎ ತಯಾರಿಸುವ ಬರಹದ ಓಲೆಯಲ್ಲಿ, ಅದಕ್ಕೆ ಮುಂಚೆ, ಇನ್ನೊಂದು ಸಣ್ಣ ಪ್ರೋಟೀನಿನ ಬರಹವಿದೆ. ಬಹುಕಾಲ ಅದಕ್ಕೆ ಹೆಸರೂ ಇರಲಿಲ್ಲ. 'ಜೀನ್ ಎಕ್ಸ್' ಎಂದು ಕರೆಯುತ್ತಿದ್ದರು. ಜಪಾನಿನ ಕ್ಯೋಟೋದಲ್ಲಿ ನಕಟೊಗಾವ ಮತ್ತು ಇಟೊ ಎಂಬವರು 2001ರಲ್ಲಿ ಅದರ ಕೆಲಸವನ್ನು ಕಂಡುಹಿಡಿದು ಸೆಕ್-ಎಂ ಎಂದು ಹೆಸರಿಟ್ಟರು. ಅದು 170 ಮಣಿಗಳ ಸರ. ಸರ ಪೋಣಿಸುವ ರೈಬೋಸೋಮು ಎಂಬ ಯಂತ್ರ 165ರ ಸುಮಾರಿಗೆ ಬಂದಾಗ ಆ ಸರವೇ ಯಂತ್ರದ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನು ಕೆಲವೇ ಮಣಿ ಬಾಕಿ. ಆದರೆ ಕೆಲಸ ನಿಂತುಹೋಗುತ್ತದೆ. ಸರದ ತಲೆಯಲ್ಲಿ ಹೊರಗೆ ಹೋಗುವ ವಿಳಾಸವಿರುವುದರಿಂದ, ಸೆಕ್-ಎ ಮೋಟಾರುಗಳು ಸಾಕಷ್ಟಿದ್ದು ಚುರುಕಾಗಿದ್ದರೆ ಅದನ್ನು ಹಿಡಿದು ಎಳೆಯುತ್ತವೆ. ಎಳೆದರೆ ಸಿಕ್ಕು ಬಿಡುತ್ತದೆ, ಸರ ಮುಗಿದು ಹೊರಗೆ ಹೋಗುತ್ತದೆ. ಮೋಟಾರುಗಳು ಸಾಲದಿದ್ದರೆ ಎಳೆಯುವವರಿಲ್ಲ. ಯಂತ್ರ ಅಲ್ಲೇ ಕೂತಿರುತ್ತದೆ. ಅದು ಹಾಗೆ ಕೂತದ್ದರಿಂದಲೇ ಓಲೆಯ ಮುಂದಿನ ಮಡಿಕೆ ಬಿಚ್ಚಿಕೊಂಡು, ಅಡಗಿದ್ದ ಸೆಕ್-ಎ ಬರಹದ ಆರಂಭ ತೆರೆದು, ಹೆಚ್ಚು ಮೋಟಾರುಗಳು ತಯಾರಾಗುತ್ತವೆ.

"ಹೊರಗೆ ಹೋದ ಆ ಸಣ್ಣದು ಅಲ್ಲೇನು ಮಾಡುತ್ತದೆ?" ಎಂದಳು ಅಕ್ಕ. ಕೇಳುತ್ತಿದ್ದಳು ಹಾಗಾದರೆ!

"ಏನೂ ಇಲ್ಲಮ್ಮ. ಹೊರಗೆ ಹೋದ ಕೂಡಲೆ ಅದನ್ನು ಬೇರೊಂದು ಕಿಣ್ವ ಚೂರು ಮಾಡಿಬಿಡುತ್ತದೆ. ಸಿಕ್ಕಿಕೊಳ್ಳುವುದು, ಎಳೆಯುವವರಿದ್ದಾರೆಯೇ ಎಂದು ನೋಡುವುದು, ಅಷ್ಟೇ ಅದರ ಕೆಲಸ."

ಅಕ್ಕ ಮಾತಾಡಲಿಲ್ಲ. ಸೌಟಿನ ತುದಿಯಲ್ಲಿ ಪಾತ್ರೆಯಿಂದ ಒಂದು ಅಗುಳು ತೆಗೆದು, ಬೆರಳಿನ ನಡುವೆ ಹಿಚುಕಿ ನೋಡಿ, ಪಕ್ಕಕ್ಕೆ ಬಿಸಾಡಿದಳು. ಒಲೆ ಸಣ್ಣದು ಮಾಡಿದಳು. "ಇದು ತಾನೆ ನೀವಿಬ್ಬರೂ ಇಷ್ಟು ಹೊತ್ತು ಹೇಳಿದ್ದು?" ಎಂದಳು. "ಹದ ನೋಡುವ ಅಗುಳು. ಅದನ್ನು ಯಾರೂ ಉಣ್ಣುವುದಿಲ್ಲ. ಅದನ್ನು ನೋಡದೆ ಅನ್ನವೂ ಆಗುವುದಿಲ್ಲ."

ನಾನು ಪುಟ್ಟಿಯ ಮುಖ ನೋಡಿದೆ, ಪುಟ್ಟಿ ನನ್ನ ಮುಖ ನೋಡಿದಳು. ನಾನು ಆ ಸಣ್ಣ ಪ್ರೋಟೀನಿಗೆ ರಾತ್ರಿಯೆಲ್ಲ ಕೂತು 'ವಿಸರ್ಜನಾಪರಿವೀಕ್ಷಕ' ಎಂಬ ಶಬ್ದವನ್ನು ಟಂಕಿಸಿ ಜೇಬಿನಲ್ಲಿಟ್ಟುಕೊಂಡಿದ್ದೆ. ಅದನ್ನು ಹೊರಗೆ ತೆಗೆಯಲಿಲ್ಲ. ಪುಟ್ಟಿ ತನ್ನ ಪುಸ್ತಕ ತೆಗೆದು ಏನೋ ಬರೆದುಕೊಂಡಳು.

"ನಿನ್ನ ಮೋಟಾರು ಕೆಲಸ ಬರುವ ತನಕ ಸೌದೆ ಉರಿಸುವುದಿಲ್ಲ ಎಂದೆಯಲ್ಲ," ಎಂದಳು ಅಕ್ಕ ಸ್ವಲ್ಪ ಹೊತ್ತಿನ ಮೇಲೆ, ಮಗಳ ಕಡೆ ನೋಡದೆ. "ಸುಮ್ಮನೆ ಕೂತಿದೆ ಎಂದು ಅದನ್ನು ಯಾರೂ ಬೈಯುವುದಿಲ್ಲವೇ?"

"ಇಲ್ಲಮ್ಮ. ಆದರೆ ಬಾಗಿಲ ಹತ್ತಿರವೇ ಇರಬೇಕು."

"ಎಷ್ಟು ತಿಂಗಳು ಎಂದೆ?"

"ಆರು."

ಅಕ್ಕ ಎಲೆ ಹಾಕಿದಳು. ಬ್ಯಾಂಕಿನ ಮಾತು ಊಟದಲ್ಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಆರು ತಿಂಗಳಲ್ಲಿ ಪ್ರಬಂಧ ಮುಗಿಯುವುದೆಂದಾಗಲಿ, ಮುಗಿದರೆ ಕೆಲಸ ಸಿಕ್ಕುವುದೆಂದಾಗಲಿ ಯಾರೂ ಭರವಸೆ ಕೊಡಲಾರರು, ಪುಟ್ಟಿಯೂ ಕೊಡಲಿಲ್ಲ. ಸಂಜೆಯ ರೈಲಿಗೆ ಅವಳು ಚಟ್ನಿಪುಡಿಯ ಡಬ್ಬಿಯೊಡನೆ ಹೊರಟುಹೋದಳು.

ಮೊನ್ನೆ ಮತ್ತೆ ಅಕ್ಕನ ಮನೆಗೆ ಹೋಗಿದ್ದೆ. ಅವಳು ಹಿತ್ತಲಲ್ಲಿದ್ದಾಗ ಕುತೂಹಲ ತಡೆಯದೆ ಸಾಸಿವೆ ಡಬ್ಬಿಯನ್ನು ಎತ್ತಿದೆ. ಜಾಹೀರಾತು ಅಲ್ಲೇ ಇತ್ತು. ಉಗುರಿನಿಂದ ಗೆರೆ ಎಳೆದ ದಿನಾಂಕ ಕಳೆದು ನಾಲ್ಕು ದಿನವಾಗಿತ್ತು. ಖಾಲಿ ಇದ್ದ ಅಂಚಿನಲ್ಲಿ ಅಕ್ಕ ತನ್ನ ಗುಮಾಸ್ತೆಯ ದುಂಡು ಅಕ್ಷರದಲ್ಲಿ ಹಾಲಿನ ಲೆಕ್ಕ ಬರೆದಿದ್ದಳು. ಹದಿನೈದನೆಯ ತಾರೀಖಿನಿಂದ ಒಂದು ಲೀಟರು ಇದ್ದ ಕಡೆ ಅರ್ಧ ಲೀಟರು ಎಂದಿತ್ತು.

ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೊರಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕ ಕಾಫಿ ತಂದಳು. ನನ್ನ ಲೋಟದ ಕಾಫಿಯಲ್ಲಿ ಹಾಲು ಎಂದಿನಷ್ಟೇ ಗಟ್ಟಿಯಾಗಿತ್ತು.